ಅಕ್ಕ ಹೂಂಗುಟ್ಟಿದ ಕಥೆಗಳು

ಹುಣಸೂರಿನ ಬಸ್ಸಿನಲ್ಲಿ ಕಿವಿಗೆ ವೈರು ಸಿಕ್ಕಿಸಿಕೊಂಡು ಕೂತ ಮುದುಕಿಯನ್ನು ಕಂಡರೆ ಕೆಲವರು ಕಿವಿ ಕೇಳಿಸದ್ದಕ್ಕೆ ಮಿಷನ್ ಹಾಕಿಕೊಂಡಿದ್ದಾಳೆ ಅಂದುಕೊಳ್ಳುತ್ತಾರೆ, ಕೆಲವರು ದೇವರ ಹಾಡು ಕೇಳುತ್ತಿದ್ದಾಳೆ ಅಂದುಕೊಳ್ಳುತ್ತಾರೆ. ಮೊದಲನೆಯವರು ಕಿರುಚಿ ಮಾತಾಡಿಸುತ್ತಾರೆ, ಎರಡನೆಯವರು ಸೀಟು ಬಿಟ್ಟುಕೊಡುತ್ತಾರೆ. ನಾನು ಕೇಳುತ್ತಿರುವುದು ಯಾರು ಯಾರ ಕತ್ತು ಹಿಸುಕಿದರು ಎಂಬುದನ್ನು. ಅದನ್ನು ಯಾರಿಗೂ ಹೇಳುವುದಿಲ್ಲ. ಸೀಟು ಹೋಗುತ್ತದೆ.

ಈಗೀಗ ನಮ್ಮ ಬೀದಿಯ ಹೆಂಗಸರು, ಕಂಪಲಾಪುರದ ನೆಂಟರು, ಪಿರಿಯಾಪಟ್ಟಣದಲ್ಲಿ ಬಟ್ಟೆ ಹೊಲಿದುಕೊಡುವ ಬೀವಿ, ಎಲ್ಲರೂ ಒಂದೇ ಪ್ರಶ್ನೆ ಕೇಳುತ್ತಾರೆ: ಫೋನಿನಲ್ಲಿ ಯಾವ ಕಥೆ ಚೆನ್ನಾಗಿದೆ, ಎಲ್ಲಿಂದ ಶುರು ಮಾಡಬೇಕು. ಬಾಯಲ್ಲಿ ಹೇಳಿ ಹೇಳಿ ಸಾಕಾಯಿತು. ಮೊಮ್ಮಗಳು ಕನ್ನಡದಲ್ಲಿ ಟೈಪ್ ಮಾಡುವುದನ್ನು ಕಲಿಸಿಕೊಟ್ಟಿದ್ದಾಳೆ. ಒಂದೇ ಹೆಬ್ಬೆರಳಿನಲ್ಲಿ ಒತ್ತುತ್ತೇನೆ, ಅಕ್ಕಿಯ ಕಲ್ಲು ಆರಿಸಿದ ಹಾಗೆ. ಕಾರ್ಯಕ್ರಮಗಳ ಹೆಸರು ಮಾತ್ರ ಬರೆಯುವುದಿಲ್ಲ. ಬರೆದರೆ ಅವರಿಂದ ಏನೋ ತಿಂದಿದ್ದಾಳೆ ಅಂತೀರಿ. ಗುರುತು ಹೇಳುತ್ತೇನೆ, ಹುಡುಕಿಕೊಳ್ಳಿ.

ಯಾವುದು ಒಳ್ಳೆಯದು, ಯಾವುದು ಕೆಟ್ಟದ್ದು ಎಂದು ಅಳೆಯಲು ನನ್ನ ಹತ್ತಿರ ಇರುವುದು ಒಂದೇ ಅಳತೆ. ನನ್ನ ಓರಗಿತ್ತಿ ಅದಕ್ಕೆ ಹೂಂ ಅಂದಳೋ ಇಲ್ಲವೋ ಎಂಬುದು.

ಓರಗಿತ್ತಿ ಎಂದರೆ ನನ್ನ ಗಂಡನ ಅಣ್ಣನ ಹೆಂಡತಿ. ನಾನು ಅಕ್ಕ ಎನ್ನುತ್ತಿದ್ದೆ. ಒಂದೇ ಒಲೆಯ ಮುಂದೆ ಬೆಂದವರು ನಾವು. ಗಂಡಂದಿರು ಹೋದ ಮೇಲೆ ಜಗಳಕ್ಕೂ ಜೊತೆಗೂ ಇಬ್ಬರೇ ಉಳಿದೆವು. ಮನೆ ತುಂಬ ಅವಳ ಮಕ್ಕಳು, ನನ್ನ ಮಕ್ಕಳು, ಸೊಸೆಯರು, ಮೊಮ್ಮಕ್ಕಳು ಇದ್ದರೂ ನಮ್ಮ ಮಾತು ನಮ್ಮಿಬ್ಬರಿಗೇ ಅರ್ಥವಾಗುತ್ತಿತ್ತು.

ನಮ್ಮ ಕಡೆ ಕಥೆ ಹೇಳುವಾಗ ಕೇಳುವವರಲ್ಲಿ ಒಬ್ಬರಾದರೂ ಹೂಂಗುಟ್ಟಬೇಕು. ಹೇಳುವವರು ಒಂದು ಮಾತು ಹೇಳಿ ನಿಲ್ಲಿಸುತ್ತಾರೆ, ಕೇಳುವವರು ಹೂಂ ಅನ್ನುತ್ತಾರೆ, ಆಗ ಕಥೆ ಮುಂದಕ್ಕೆ ಹೋಗುತ್ತದೆ. ಹೂಂ ನಿಂತರೆ ಕಥೆಯೂ ನಿಲ್ಲಬೇಕು. ಹೂಂ ಇಲ್ಲದೆ ಹೇಳಿದ ಕಥೆಯನ್ನು ದೆವ್ವಗಳು ಬಂದು ಕೂತು ಕೇಳುತ್ತವೆ ಎಂದು ನಮ್ಮವ್ವ ಹೆದರಿಸುತ್ತಿದ್ದಳು. ಅಕ್ಕನ ಅವ್ವನೂ ಅವಳಿಗೆ ಅದನ್ನೇ ಹೇಳಿದ್ದಳಂತೆ.

ಹೊಗೆಸೊಪ್ಪಿನ ಕಾಲದಲ್ಲಿ ನಾವು ಹೆಂಗಸರೆಲ್ಲ ಸೊಪ್ಪು ಒಣಗಿಸುವ ಬ್ಯಾರನ್ನಿನ ಪಕ್ಕದ ಚಪ್ಪರದಲ್ಲಿ ಕೂತು ಹಸಿ ಎಲೆಗಳನ್ನು ಕಡ್ಡಿಗೆ ಕಟ್ಟುತ್ತೇವೆ. ಕಟ್ಟಿದ ಕಡ್ಡಿಗಳನ್ನು ಗಂಡಸರು ಬ್ಯಾರನ್ನಿನೊಳಗೆ ತೂಗುಹಾಕಿ ಬೆಂಕಿ ಕೊಡುತ್ತಾರೆ. ಕೈಗೆ ಅಂಟು ಹಿಡಿದು ಕಪ್ಪಾಗುತ್ತದೆ, ಬೆನ್ನು ಹಿಡಿಯುತ್ತದೆ, ಬಾಯಿ ಮಾತ್ರ ಬಿಡುವಾಗಿರುತ್ತದೆ. ಹಿಂದೆ ಆ ಬಿಡುವಿಗೆ ಊರವರ ಮನೆ ಸುದ್ದಿ ಸಾಕಾಗುತ್ತಿತ್ತು. ಫೋನು ಬಂದ ಮೇಲೆ ನಾನು ಅದನ್ನು ಸ್ಟೀಲ್ ಚೊಂಬಿನೊಳಗೆ ನಿಲ್ಲಿಸಿ ಕಥೆ ಹಚ್ಚುತ್ತಿದ್ದೆ. ಚೊಂಬಿನೊಳಗಿಂದ ಧ್ವನಿ ದೊಡ್ಡದಾಗಿ ಬರುತ್ತದೆ, ನೀವೂ ಮಾಡಿ ನೋಡಿ.

ಮೊದಲ ದಿನವೇ ಅಕ್ಕ ಚೊಂಬಿನ ಕಡೆ ಮುಖ ಮಾಡಿ ಹೂಂ ಅಂದಳು. ಕೂಲಿಗೆ ಬಂದ ಹುಡುಗಿಯರು ಎಲೆ ಕೆಳಗೆ ಹಾಕಿ ನಕ್ಕರು. ನಾನೂ ನಕ್ಕೆ.

"ಅವ್ಳಿಗೆ ಕೇಳ್ಸಾಕಿಲ್ಲ ಕಣಕ್ಕ. ಅವ್ಳು ಯಾವತ್ತೋ ಏಳಿ ಮುಗ್ಸವ್ಳೆ."

"ಅವ್ಳಿಗೆ ಕೇಳ್ಸದಿದ್ರೆ ಬುಡು, ಕತೆಗೆ ಕೇಳ್ಸತದೆ. ನೀ ಎಲೆ ಕಟ್ಟು ಮೂದೇವಿ."

ಹಾಗೆ ಅವಳು ಹೂಂ ಅಂದದ್ದರಲ್ಲಿ ಮೊದಲನೆಯದೇ ನಾನು ನಿಮಗೆ ಮೊದಲು ಹೇಳುವುದು. ಒಬ್ಬ ಲೇಡಿ ಕಂಡಕ್ಟರ್ ಕಥೆ. ಕಾಡಿನಂಚಿನ ಊರಿಗೆ ಹೋಗುವ ಕೊನೆಯ ಬಸ್ಸು. ಚಿಕ್ಕಂದಿನಲ್ಲಿ ಕಳೆದುಹೋದ ತಂಗಿಯನ್ನು ಅವಳು ಹುಡುಕುತ್ತಿದ್ದಾಳೆ. ಪ್ರತಿ ಕಂತಿನಲ್ಲೂ ಒಬ್ಬರು ಪ್ರಯಾಣಿಕರು ತಮ್ಮ ಕಥೆ ಹೇಳಿ ಇಳಿದುಹೋಗುತ್ತಾರೆ, ಇಳಿಯುವಾಗ ತಂಗಿಯ ಬಗ್ಗೆ ಒಂದು ಚೂರು ಸುಳಿವು ಬಿಟ್ಟುಹೋಗುತ್ತಾರೆ. ಓದುವ ಹೆಂಗಸಿಗೆ ಅವಸರವಿಲ್ಲ. ಒಂದು ಮಾತು ಹೇಳಿ ಉಸಿರು ಬಿಡುತ್ತಾಳೆ. ಆ ಉಸಿರಿನ ಜಾಗದಲ್ಲಿ ಅಕ್ಕನ ಹೂಂ ಸರಿಯಾಗಿ ಕೂರುತ್ತಿತ್ತು. ಎಚ್.ಡಿ. ಕೋಟೆ ಕಡೆಯವಳಿರಬೇಕು, ನಮ್ಮ ರಾಗ ಅವಳಿಗೆ ಗೊತ್ತಿದೆ ಎಂದು ಅಕ್ಕ ಹೇಳುತ್ತಿದ್ದಳು.

ಕೊಲೆ ಕೇಸುಗಳ ಕಾರ್ಯಕ್ರಮ ಒಂದಿದೆ. ಇಬ್ಬರು ಗಂಡಸರು ನಡೆದದ್ದನ್ನು ನಡೆದ ಹಾಗೆ ಹೇಳುತ್ತಾರೆ. ನನಗೆ ಅದೆಂದರೆ ಪ್ರಾಣ. ಅಕ್ಕ ಅದಕ್ಕೆ ಒಂದು ಹೂಂ ಕೂಡ ಕೊಡಲಿಲ್ಲ. ಸತ್ತವರ ಮನೆಯಲ್ಲಿ ಕೂತು ನಗುತ್ತಾರಲ್ಲ ಇವರು, ಇವರಿಗೆ ಯಾವ ಹೂಂ ಅಂದಳು. ಅಂದಿನಿಂದ ಅದನ್ನು ಕದ್ದು ಕೇಳುತ್ತೇನೆ. ಲಾಯರಮ್ಮ ಒಬ್ಬಳು ಜಮೀನು, ಭಾಗ, ಹೆಣ್ಣುಮಕ್ಕಳ ಹಕ್ಕು ಎಲ್ಲವನ್ನೂ ಬಿಡಿಸಿ ಹೇಳುವ ಕಾರ್ಯಕ್ರಮವೂ ಇದೆ. ಅದಕ್ಕೂ ಅಕ್ಕ ಹೂಂ ಅನ್ನಲಿಲ್ಲ, ಆದರೆ ನೀವು ಕೇಳಲೇಬೇಕು. ಹಬ್ಬಕ್ಕೆ ನನ್ನ ತವರಿನ ಅಣ್ಣನ ಮಕ್ಕಳು ಬಂದು ಊಟಕ್ಕೆ ಕೂತಾಗ ನಾನು ಅದನ್ನು ಚೊಂಬಿನಲ್ಲಿಟ್ಟು ಹಚ್ಚಿದೆ. ಅಷ್ಟು ಬೇಗ ಊಟ ಮುಗಿಸಿದ್ದನ್ನು ನಾನು ಎಂದೂ ನೋಡಿಲ್ಲ. ಗೆಜ್ಜೆ ಸದ್ದಿನ ದೆವ್ವದ ಕಥೆಗಳು ಅವರೆಕಾಯಿ ಸುಲಿಯುವುದಕ್ಕೆ ಸರಿ. ಹೆದರಿಕೆ ಬರುವುದಿಲ್ಲ, ಕಾಯಿ ಖಾಲಿಯಾಗುತ್ತದೆ.

ಹೋದ ಸೊಪ್ಪಿನ ಕಾಲದಲ್ಲಿ, ಮಧ್ಯಾಹ್ನ ಊಟವಾಗಿ ಮತ್ತೆ ಕೂತಿದ್ದೆವು. ಕಂಡಕ್ಟರ್ ಕಥೆಯಲ್ಲಿ ಒಬ್ಬ ಮುದುಕ ತನ್ನ ಎತ್ತು ಮಾರಿ ಬಂದದ್ದನ್ನು ಹೇಳುತ್ತಿದ್ದ. ಓದುವವಳು ನಿಲ್ಲಿಸಿದಳು. ಹೂಂ ಬರಲಿಲ್ಲ. ಮತ್ತೆ ನಿಲ್ಲಿಸಿದಳು, ಬರಲಿಲ್ಲ. ತಿರುಗಿ ನೋಡಿದೆ. ಅಕ್ಕ ಕೂತೇ ಇದ್ದಳು. ಎಲೆ ಕಟ್ಟಿದ ಕಡ್ಡಿ ತೊಡೆಯಿಂದ ಜಾರಿತ್ತು, ಬಾಯಿ ಒಂದು ಕಡೆಗೆ ಸೊಟ್ಟಗಾಗಿತ್ತು. ಕಣ್ಣು ನನ್ನನ್ನೇ ನೋಡುತ್ತಿತ್ತು.

ಲಕ್ವ. ಮೈಸೂರಿಗೆ ಕರೆದುಕೊಂಡು ಹೋದರು. ಹೋದವಳು ಹಿಂದಿರುಗಿ ಬಂದಾಗ ಬಲಗೈ ಬಲಗಾಲು ಸ್ವಾಧೀನದಲ್ಲಿರಲಿಲ್ಲ, ಮಾತಿರಲಿಲ್ಲ, ನುಂಗಲು ಬರುತ್ತಿರಲಿಲ್ಲ. ಮೂಗಿನಲ್ಲಿ ಒಂದು ಪೈಪು. ಸೋಸಿದ ರಾಗಿ ಗಂಜಿಯನ್ನು ಸಿರಿಂಜಿನಲ್ಲಿ ತುಂಬಿ ಆ ಪೈಪಿಗೆ ಬಿಡಬೇಕು. ಆಗಾಗ ಪೈಪು ಬದಲಾಯಿಸಬೇಕು. ಒಳಗೆ ಇನ್ನು ಹೆಚ್ಚೇನೂ ಉಳಿದಿಲ್ಲ, ಪೈಪು ಇರುವಷ್ಟು ದಿನ ಇರುತ್ತಾರೆ, ಎಷ್ಟು ದಿನ ಎಂದು ನೀವೇ ಯೋಚಿಸಿ ಎಂದು ಡಾಕ್ಟರು ಅಕ್ಕನ ದೊಡ್ಡ ಮಗನಿಗೆ ಹೇಳಿ ಕಳಿಸಿದ್ದರು.

ನಡುಮನೆಯಲ್ಲಿ ಕಬ್ಬಿಣದ ಮಂಚ ಹಾಕಿದರು. ಮನೆಗೆ ಬಂದ ಎರಡನೆಯ ದಿನವೇ ಅವಳು ಎಡಗೈಯಲ್ಲಿ ಪೈಪು ಕಿತ್ತುಹಾಕಿದಳು. ಪಿರಿಯಾಪಟ್ಟಣದಿಂದ ನರ್ಸಮ್ಮ ಬಂದು ಮತ್ತೆ ಹಾಕಿ, ಇನ್ನು ಮುಂದೆ ಕೈ ಕಟ್ಟಿಡಿ, ಗೊತ್ತಾಗದೆ ಹೀಗೆ ಮಾಡುತ್ತಾರೆ ಅಂದರು. ಅಕ್ಕನದೇ ಹಳೆಯ ಸೀರೆ ಹರಿದು, ನೋವಾಗದ ಹಾಗೆ ನಾಲ್ಕು ಮಡಿಕೆ ಮಾಡಿ, ದೊಡ್ಡವನೇ ಅವಳ ಎಡಗೈಯನ್ನು ಮಂಚದ ಸರಳಿಗೆ ಕಟ್ಟಿದ. ಅವನನ್ನು ಕೆಟ್ಟವನೆಂದು ತಿಳಿಯಬೇಡಿ. ಅವ್ವನ ಬಟ್ಟೆಯನ್ನು ಹೆಂಡತಿಗೆ ಮುಟ್ಟಲು ಬಿಡದೆ ಅವನೇ ಒಗೆಯುತ್ತಿದ್ದ. ಬೆನ್ನು ಹುಣ್ಣಾಗಬಾರದೆಂದು ಹೊಲದಿಂದ ಓಡಿಬಂದು ಮಗ್ಗುಲು ಬದಲಾಯಿಸುತ್ತಿದ್ದ. ಆದರೆ ಮಾತೆಲ್ಲ ಅವಳ ತಲೆಯ ಮೇಲೇ ನಡೆಯುತ್ತಿತ್ತು. ಮಂಚದ ಪಕ್ಕ ನಿಂತೇ, ಮುಂದಿನ ಸಲ ಪೈಪು ಬದಲಾಯಿಸುವುದು ಬೇಡ, ಹೀಗೆ ಇಟ್ಟುಕೊಳ್ಳುವುದು ಪಾಪ, ಇವಳಿಗೆ ಏನೂ ಗೊತ್ತಾಗುವುದಿಲ್ಲ ಎಂದು ತಮ್ಮನಿಗೆ ಹೇಳಿದ. ಯಾವ ಹೊಲದ ಬದಿಯಲ್ಲಿ ಮಣ್ಣು ಮಾಡುವುದು ಎಂಬವರೆಗೂ ಮಾತು ಹೋಯಿತು.

ಇಲ್ಲಿ ಒಬ್ಬ ಡಾಕ್ಟರ ಕಾರ್ಯಕ್ರಮವನ್ನು ಹೇಳಬೇಕು. ಬಾಯಿ ಬಿದ್ದುಹೋದವರಿಗೆ ಕಿವಿಯೂ ಬುದ್ಧಿಯೂ ಬಿದ್ದುಹೋಗಿರಬೇಕೆಂದೇನಿಲ್ಲ, ಅವರ ಮುಂದೆ ನೋಡಿ ಮಾತಾಡಿ ಎಂದು ಅದರಲ್ಲಿ ಕೇಳಿದೆ. ಉಳಿದಂತೆ ಅದನ್ನು ಕೇಳಬೇಡಿ. ಸಂಜೆಯೊಳಗೆ ನಿಮಗೆ ಎಲ್ಲ ಕಾಯಿಲೆಯೂ ಬಂದಿರುತ್ತದೆ.

ಆ ಧೈರ್ಯದಲ್ಲಿ ಚೊಂಬು ತಂದು ಅಕ್ಕನ ದಿಂಬಿನ ಪಕ್ಕ ಇಟ್ಟೆ. ಕಂಡಕ್ಟರ್ ಕಥೆಯನ್ನು ನಿಂತಲ್ಲಿಂದ, ಆ ಎತ್ತು ಮಾರಿದ ಮುದುಕನಿಂದ ಹಚ್ಚಿದೆ. ದಿನವೂ ಮಧ್ಯಾಹ್ನ ಒಂದು ಕಂತು. ಏನೂ ಇರಲಿಲ್ಲ. ಒಂದು ದಿನ, ಗಂಡನ ಮನೆ ಬಿಟ್ಟು ಹೊರಟ ಹುಡುಗಿಯೊಬ್ಬಳು ಬಸ್ಸು ಹತ್ತಿದ ಕಂತಿನಲ್ಲಿ, ಓದುವವಳು ಉಸಿರು ಬಿಟ್ಟ ಜಾಗದಲ್ಲಿ ಅಕ್ಕನ ಗಂಟಲಿನಿಂದ ಸದ್ದು ಬಂತು. ಹೂಂ ಎಂದು ಬರೆಯುವಷ್ಟು ದೊಡ್ಡದಲ್ಲ. ಮುಚ್ಚಿದ ಪಾತ್ರೆಯೊಳಗೆ ಕುದಿ ಬಂದಷ್ಟು.

ದೊಡ್ಡವನನ್ನು ಕೂಗಿದೆ. ಬಂದು ಕೇಳಿದ.

"ಉಸ್ರು ಕಣ್ ಚಿಕ್ಕವ್ವ ಅದು. ಕಫ ಕಟ್ಟದೆ."

"ಕಫ ಅವ್ಳು ನಿಲ್ಸಿದ ಜಾಗ ನೋಡ್ಕಂಡು ಬತ್ತದೇನ್ಲಾ?"

ಅವನು ಹೊಲಕ್ಕೆ ಹೊರಟ. ನಾನು ಬಿಡಲಿಲ್ಲ. ಮಾರನೆಯ ದಿನ ಅವನನ್ನೂ ಸೊಸೆಯನ್ನೂ ಮಂಚದ ಕಾಲ ಬಳಿ ಕೂರಿಸಿದೆ. ಮೊದಲು ನಗುವ ಗಂಡಸರ ಕೊಲೆ ಕೇಸು ಹಚ್ಚಿದೆ. ಅಕ್ಕ ಮೌನ. ಲಾಯರಮ್ಮನನ್ನು ಹಚ್ಚಿದೆ, ಮೌನ. ಕಂಡಕ್ಟರನ್ನು ಹಚ್ಚಿದೆ. ಮಾತು, ಉಸಿರು, ಹೂಂ. ಮಾತು, ಉಸಿರು, ಹೂಂ. ನಡುವೆ ಕೂದಲೆಣ್ಣೆಯ ಜಾಹೀರಾತು ಬಂತು. ಅಕ್ಕ ಸುಮ್ಮನಾದಳು. ಜಾಹೀರಾತು ಮುಗಿದು ಬಸ್ಸು ಹೊರಟಿತು. ಹೂಂ.

ಸೊಸೆ ಸೆರಗನ್ನು ಬಾಯಿಗೆ ಹಿಡಿದುಕೊಂಡಳು. ದೊಡ್ಡವನು ಎದ್ದು ನರ್ಸಮ್ಮನಿಗೆ ಫೋನ್ ಮಾಡಿ ಹೊಸ ಪೈಪು ತರಲು ಹೇಳಿದ. ನಾನು ಗೆದ್ದಿದ್ದೆ. ಗೆದ್ದ ಖುಷಿಯಲ್ಲಿ ಅಂದು ಅಕ್ಕನ ಹಣೆಗೆ ದೊಡ್ಡ ಕುಂಕುಮ ಇಟ್ಟೆ. ಗಂಡ ಸತ್ತವಳಿಗೆ ಇಟ್ಟಳು ಎಂದು ಯಾರೋ ಗೊಣಗಿದರು. ಅವರ ಬಾಯಿಗೆ ಲಾಯರಮ್ಮನನ್ನೇ ಹಚ್ಚಿದೆ.

ನರ್ಸಮ್ಮ ಬಂದ ದಿನ ಅಕ್ಕನ ತಲೆಯನ್ನು ಹಿಡಿದುಕೊಂಡವಳು ನಾನೇ. ಹಳೆಯ ಪೈಪು ಎಳೆದಾಗ ಅವಳ ಮುಖ ಸಡಿಲವಾಯಿತು. ಹೊಸ ಪೈಪು ಮೂಗಿಗೆ ಬಂದಾಗ ಕಟ್ಟಿದ ಎಡಗೈ ಮಂಚವನ್ನೇ ಅಲುಗಿಸಿತು. ಓಕರಿಕೆ ಬಂತು, ಕಣ್ಣಿನಿಂದ ನೀರು ಕಿವಿಯವರೆಗೆ ಇಳಿಯಿತು. ಅವಳಿಗೆ ಏನೂ ಗೊತ್ತಾಗುವುದಿಲ್ಲ ಎಂದುಕೊಂಡವರಿಗೆ ಅದು ಬರೀ ನೀರು. ಗೊತ್ತಾಗುತ್ತದೆ ಎಂದು ಮನೆಯವರಿಗೆಲ್ಲ ತೋರಿಸಿಕೊಟ್ಟವಳು ನಾನು. ಅವಳು ನನ್ನನ್ನೇ ನೋಡುತ್ತಿದ್ದಳು.

ಆಮೇಲೆ ಕಂಡಕ್ಟರ್ ಕಥೆ ಹಚ್ಚಲು ಕೈ ಬರಲಿಲ್ಲ. ಎರಡು ಕಂತು ಉಳಿದಿತ್ತು, ತಂಗಿ ಇರುವ ಊರಿನ ಹೆಸರು ಕಂಡಕ್ಟರಿಗೆ ಸಿಕ್ಕಿತ್ತು. ನಾನು ಬರೀ ಪಕ್ಕದಲ್ಲಿ ಕೂರುತ್ತಿದ್ದೆ. ಅವಳು ಕಟ್ಟಿದ ಕೈಯ ಬೆರಳುಗಳನ್ನು ಆಡಿಸುತ್ತಿದ್ದಳು. ಅವಳನ್ನು ಒಂದು ಮಾತು ಕೇಳಬೇಕಾಗಿತ್ತು. ಕೇಳಿದರೆ ಉತ್ತರ ಹೇಳಲು ಅವಳಿಗೆ ಬಾಯಿಲ್ಲ. ತಲೆ ಆಡಿಸು ಅಂದರೆ ಆಡುತ್ತಿರಲಿಲ್ಲ, ಕಣ್ಣು ಮುಚ್ಚು ಅಂದರೆ ಮುಚ್ಚುತ್ತಿರಲಿಲ್ಲ. ಅವಳಿಗೆ ಬರುತ್ತಿದ್ದುದು ಕಥೆಗೆ ಹೂಂ ಅನ್ನುವುದು ಒಂದೇ.

ಹಾಗಾಗಿ ಒಂದು ಮಧ್ಯಾಹ್ನ, ಎಲ್ಲರೂ ಚಪ್ಪರದಲ್ಲಿದ್ದಾಗ, ಫೋನು ಪಕ್ಕಕ್ಕಿಟ್ಟು ನಾನೇ ಶುರು ಮಾಡಿದೆ. ಓದುವವಳ ಹಾಗೆಯೇ, ನಿಲ್ಲಿಸಿ ನಿಲ್ಲಿಸಿ.

ಒಂದೂರಲ್ಲಿ ಇಬ್ಬರು ಓರಗಿತ್ತಿಯರಿದ್ದರು ಅಂದೆ. ಕಾದೆ. ಹೂಂ ಬಂತು. ಚಿಕ್ಕವಳು ಬೆಲ್ಲ ಕದಿಯುತ್ತಿದ್ದಳು, ದೊಡ್ಡವಳು ಅತ್ತೆಯಿಂದ ಬೈಸಿಕೊಳ್ಳುತ್ತಿದ್ದಳು ಅಂದೆ. ಹೂಂ, ಇದು ಸ್ವಲ್ಪ ಗಟ್ಟಿಯಾಗಿಯೇ ಬಂತು. ಒಂದು ದಿನ ದೊಡ್ಡವಳು ಎಲೆ ಕಟ್ಟುತ್ತಾ ಬಿದ್ದಳು. ಹೂಂ. ಮೂಗಿಗೆ ಪೈಪು ಹಾಕಿದರು, ಕೈ ಕಟ್ಟಿದರು. ಹೂಂ.

"ಅವ್ಳ ಮಗ ಬಂದು ಕೇಳ್ದ. ಅವ್ವ, ಪೈಪು ಇರ್ಲಾ, ತಗ್ಸಲಾ ಅಂತ. ಇರ್ಲಿ ಅಂದ್ಳು."

ಕಾದೆ. ಹೊರಗೆ ಕೋಳಿ ಕೆದಕುವ ಸದ್ದು. ಕೇಳಿಸಲಿಲ್ಲವೇನೋ ಎಂದು ಕಿವಿಯ ಹತ್ತಿರ ಬಗ್ಗಿ ಅದನ್ನೇ ಇನ್ನೊಮ್ಮೆ ಹೇಳಿದೆ. ಏನೂ ಬರಲಿಲ್ಲ.

"ಸಾಕು, ತಗ್ಸು ಮಗ ಅಂದ್ಳು."

ಹೂಂ.

ನನಗೆ ಕೋಪ ಬಂತು. ಕಥೆಯನ್ನು ತಿರುಗಿಸಿದೆ. ಮೊದಲು ತೆಗೆಸು ಅಂದಳು ಎಂದೆ, ಆಮೇಲೆ ಇರಲಿ ಅಂದಳು ಎಂದೆ. ಮೊದಲನೆಯದಕ್ಕೆ ಹೂಂ ಬಂತು, ಎರಡನೆಯದಕ್ಕೆ ಬರಲಿಲ್ಲ. ಚಿಕ್ಕ ಓರಗಿತ್ತಿ ಕೈಮುಗಿದು ಬೇಡಿಕೊಂಡಳು, ಇನ್ನೊಂದು ಸೊಪ್ಪಿನ ಕಾಲ ಇರು ಅಂದಳು ಎಂದೂ ಸೇರಿಸಿದೆ. ಅಕ್ಕ ಕಣ್ಣು ಮುಚ್ಚಿಕೊಂಡಳು. ಹಿಂದೆಲ್ಲ ನಾನು ಕಥೆಯೊಳಗೆ ಸುಳ್ಳು ಸೇರಿಸಿದಾಗ ಅವಳು ಹೀಗೆಯೇ ಮಾಡುತ್ತಿದ್ದಳು.

ಸಂಜೆ ದೊಡ್ಡವನು ಬಂದು ಕೈಕಾಲು ತೊಳೆಯುವವರೆಗೂ ಕಾದು, ಹಿತ್ತಲಿನಲ್ಲಿ ಅವನಿಗೆ ಎಲ್ಲವನ್ನೂ ಹೇಳಿದೆ. ಅವನು ನೀರಿನ ಚೊಂಬನ್ನು ಕೆಳಗಿಟ್ಟ.

"ಕಫ ಅಂದ್ರೆ ನನ್ನ ಬೈದೆ. ಕೇಳ್ತಾವ್ಳೆ ಅಂತ ನೀನೇ ತೋರ್ಸಿ ಪೈಪು ಹಾಕುಸ್ದೆ. ಈಗ ತಗ್ಸು ಅಂತೀಯೆ."

"ನಾನಲ್ಲ ಕಣ್ಲಾ ಅನ್ನೋದು."

"ನಾನು ಕೇಳ್ಬೇಕು ಅದ."

ಅವನು ಒಳಗೆ ಹೋಗಿ ಮಂಚದ ಪಕ್ಕ ನೆಲದ ಮೇಲೆ ಕೂತ. ಅವನಿಗೆ ಕಥೆ ಹೇಳಲು ಬರುವುದಿಲ್ಲ, ಒಂದೂರಲ್ಲಿ ಎಂದು ಹೇಳಿ ನಿಲ್ಲಿಸಿಬಿಟ್ಟ. ಅಕ್ಕ ಅಷ್ಟಕ್ಕೇ ಹೂಂ ಅಂದಳು. ಅವನು ಕಥೆ ಅಲ್ಲಿಗೇ ಬಿಟ್ಟು ಸರಳಿಗೆ ಕಟ್ಟಿದ್ದ ಸೀರೆಯ ಗಂಟನ್ನು ಬಿಚ್ಚತೊಡಗಿದ. ಬಿಗಿದು ಬಿಗಿದು ಗಂಟು ಕಲ್ಲಾಗಿತ್ತು, ಹಲ್ಲಿನಿಂದ ಬಿಚ್ಚಿದ. ಕೈ ಬಿಡಿಸಿ ಅವಳ ಎದೆಯ ಮೇಲಿಟ್ಟ.

ಅವಳು ಅವಸರ ಮಾಡಲಿಲ್ಲ. ಮೊದಲು ಬೆರಳು ಮಡಿಸಿದಳು, ಬಿಡಿಸಿದಳು. ಆ ಕೈಯಲ್ಲಿ ಮಗನ ತಲೆಯನ್ನು ಮುಟ್ಟಿದಳೋ, ಅಥವಾ ಕೈ ಹೋಗುವ ದಾರಿಯಲ್ಲಿ ಅವನ ತಲೆ ಇತ್ತೋ, ನನಗೆ ಗೊತ್ತಿಲ್ಲ. ಅವನು ಮುಟ್ಟಿದಳು ಎನ್ನುತ್ತಾನೆ. ಆಮೇಲೆ ಕೈ ಮೂಗಿಗೆ ಹೋಯಿತು. ಅಂಟು ಪಟ್ಟಿಯನ್ನು ಕೆರೆದು ಕಿತ್ತಳು, ಪೈಪನ್ನು ಹಿಡಿದು ಎಳೆದಳು. ಪೂರ್ತಿ ಬರುವವರೆಗೂ ನಾವಿಬ್ಬರೂ ಕೈ ಹಾಕಲಿಲ್ಲ. ದೊಡ್ಡವನು ಅದನ್ನು ಅವಳ ಕೈಯಿಂದ ತೆಗೆದುಕೊಂಡು ಹೋಗಿ, ಯಾಕೋ, ತೊಳೆದಿಟ್ಟ.

ಊರಿನವರು ಏನೆಲ್ಲ ಅಂದರು ಎಂಬುದನ್ನು ಬರೆಯುವುದಿಲ್ಲ. ಹೊಟ್ಟೆಗೆ ಕೊಡದೆ ಕೊಂದರು ಎಂದವರು ಇದ್ದಾರೆ. ಅವರೂ ನನ್ನ ಹತ್ತಿರ ಬಂದು ಯಾವ ಕಥೆ ಚೆನ್ನಾಗಿದೆ ಎಂದು ಕೇಳುತ್ತಾರೆ.

ಆ ದಿನಗಳಲ್ಲಿ ತುಟಿಗೆ ಒದ್ದೆ ಬಟ್ಟೆ ಒತ್ತುವುದು, ಕೈಗೆ ಎಣ್ಣೆ ಹಚ್ಚುವುದು ಬಿಟ್ಟರೆ ಮಾಡಲು ಬೇರೆ ಕೆಲಸವಿರಲಿಲ್ಲ. ಚೊಂಬನ್ನು ಮತ್ತೆ ದಿಂಬಿನ ಪಕ್ಕ ಇಟ್ಟೆ. ಉಳಿದ ಎರಡು ಕಂತಿನಲ್ಲಿ ಒಂದನ್ನು ಕೇಳಿದೆವು. ಹೂಂ ತೆಳುವಾಗಿತ್ತು, ಎರಡು ಮಾತಿಗೆ ಒಂದು ಬರುತ್ತಿತ್ತು. ಮಾರನೆಯ ದಿನ ಕೊನೆಯದನ್ನು ಹಚ್ಚಿದೆ. ಬಸ್ಸು ಆ ಊರಿಗೆ ಬಂತು, ಕಂಡಕ್ಟರ್ ಚೀಲವನ್ನು ಡ್ರೈವರನ ಕೈಗೆ ಕೊಟ್ಟು ಇಳಿದಳು. ಹೂಂ. ಒಂದು ಮನೆಯ ಮುಂದೆ ನಿಂತಳು. ಹೂಂ. ಬಾಗಿಲು ತಟ್ಟಿದಳು. ಓದುವವಳು ಉಸಿರು ಬಿಟ್ಟಳು. ಒಳಗಿನಿಂದ ಯಾರೋ ನಡೆದು ಬರುವ ಸದ್ದು ಕೇಳಿಸಿತು ಎಂದಳು, ಮತ್ತೆ ಉಸಿರು ಬಿಟ್ಟಳು.

ನಾನು ಅಕ್ಕನನ್ನು ನೋಡಿದೆ. ಎದೆ ಏಳುತ್ತಿತ್ತು, ಇಳಿಯುತ್ತಿತ್ತು. ಹೂಂ ಮಾತ್ರ ಬರಲಿಲ್ಲ. ಹೆಬ್ಬೆರಳು ಒತ್ತಿ ನಿಲ್ಲಿಸಿದೆ.

ಮಾರನೆಯ ದಿನ ಬೆಳಗ್ಗೆ, ದೊಡ್ಡವನು ಮಗ್ಗುಲು ಬದಲಾಯಿಸಲು ಬಂದಾಗ, ಅವಳು ಹೋಗಿದ್ದಳು. ಮಕ್ಕಳು ಅಂದು ಮಾತಾಡಿಕೊಂಡಿದ್ದ ಹೊಲದ ಬದಿಯಲ್ಲಿಯೇ ಮಣ್ಣು ಮಾಡಿದೆವು.

ಹಾಗಾಗಿ ಕಂಡಕ್ಟರ್ ಕಥೆಯನ್ನು ತಪ್ಪದೆ ಕೇಳಿ ಎಂದು ಹೇಳುತ್ತಿರುವ ನನಗೇ ಅದರ ಕೊನೆ ಗೊತ್ತಿಲ್ಲ. ಫೋನಿನಲ್ಲಿ ಆ ಕಂತಿನ ಕೆಳಗಿನ ಗೆರೆ ಮುಕ್ಕಾಲು ಕೆಂಪಾಗಿ ನಿಂತಿದೆ. ಬಾಗಿಲು ತೆಗೆದವರು ತಂಗಿಯೋ, ಬೇರೆ ಯಾರೋ, ನೀವು ಕೇಳಿದರೆ ನನಗೆ ಹೇಳಬೇಡಿ. ಸೊಪ್ಪಿನ ಚಪ್ಪರದ ಹುಡುಗಿಯರಿಗೂ ಅದನ್ನೇ ಹೇಳಿದ್ದೇನೆ. ಕೇಳಿದವರೆಲ್ಲ ನನ್ನನ್ನು ಕಂಡರೆ ಬಾಯಿ ಬಿಗಿದುಕೊಂಡು ಓಡಾಡುತ್ತಾರೆ.

ಮೊನ್ನೆ ಮೊಮ್ಮಗಳು ನನ್ನ ಪಕ್ಕ ಬಂದು ಕೂತು, ನಾನೇ ಹೂಂ ಅನ್ನುತ್ತೇನೆ, ಹಚ್ಚು ಅಂದಳು. ಪರೀಕ್ಷೆ ಮಾಡಲು ದೆವ್ವದ ಕಥೆ ಹಚ್ಚಿದೆ. ಅವಳು ತನ್ನ ಫೋನು ನೋಡಿಕೊಂಡು ಜಾಹೀರಾತಿಗೂ ಹೂಂ ಅಂದಳು.